ಸೇನೆಯ ಖರ್ಚಿನಲ್ಲಿ ಪದವಿ: ಯಾವ ದಾರಿ, ಯಾವ ವಯಸ್ಸು, ಯಾವ ಕಾಗದ

ಪಿಯುಸಿ ಫಲಿತಾಂಶ ಬಂದ ವಾರದಲ್ಲಿ ನಮ್ಮ ಕಾಲೇಜಿನ ಸ್ಟಾಫ್ ರೂಮಿನ ಬಾಗಿಲಿಗೆ ಯಾರಾದರೊಬ್ಬ ತಾಯಿ ಬಂದು ನಿಲ್ಲುವುದು ತಪ್ಪುವುದಿಲ್ಲ. ಪಕ್ಕದಲ್ಲಿ ತಲೆ ತಗ್ಗಿಸಿಕೊಂಡ ಮಗ, ಕೈಯಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಅಂಕಪಟ್ಟಿ. “ಸರ್, ಮಿಲಿಟರಿಗೆ ಸೇರಿದರೆ ಮುಂದಿನ ಓದಿನ ಖರ್ಚನ್ನು ಅವರೇ ನೋಡಿಕೊಳ್ಳುತ್ತಾರಂತೆ, ಹೌದೇ?” ನಾನು ಬೆಳಗಾವಿ ಜಿಲ್ಲೆಯ ಒಂದು ಪದವಿಪೂರ್ವ ಕಾಲೇಜಿನಲ್ಲಿ ಗಣಿತ ಪಾಠ ಮಾಡುತ್ತೇನೆ, ಎನ್‌ಸಿಸಿ ಹೊಣೆಯೂ ನನ್ನದೇ. ಆದ್ದರಿಂದ ಈ ಪ್ರಶ್ನೆ ನನ್ನ ಮೇಜಿಗೇ ಬರುತ್ತದೆ.

ಹೌದು, ನೋಡಿಕೊಳ್ಳುತ್ತಾರೆ. ಆದರೆ ಬಹಳ ಸಲ ಈ ಪ್ರಶ್ನೆ ಕೇಳುವ ಹೊತ್ತಿಗೆ ಒಂದು ವರ್ಷ ತಡವಾಗಿರುತ್ತದೆ. ಯಾವುದೋ ಪರೀಕ್ಷೆಗೆ ಅರ್ಜಿ ಹಾಕುವ ದಿನ ಕಳೆದಿರುತ್ತದೆ, ಇಲ್ಲವೇ ವಯಸ್ಸು ಮೂರು ತಿಂಗಳು ಮೀರಿರುತ್ತದೆ, ಇಲ್ಲವೇ ಸೇನೆಯಿಂದ ನಿವೃತ್ತನಾದ ಅಪ್ಪನ ಡಿಸ್ಚಾರ್ಜ್ ಬುಕ್ಕಿನಲ್ಲಿ, ಅಂದರೆ ಸೇವೆ ಮುಗಿದಾಗ ಕೊಡುವ ದಾಖಲೆ ಪುಸ್ತಕದಲ್ಲಿ, ಮಗಳ ಹೆಸರೇ ಇರುವುದಿಲ್ಲ. ಬುದ್ಧಿವಂತ ಮಕ್ಕಳು ಇಷ್ಟು ಸಣ್ಣ ಕಾರಣಕ್ಕೆ ಹಿಂದೆ ಉಳಿದದ್ದನ್ನು ಕಂಡು ನೊಂದು ಇದನ್ನು ಬರೆಯುತ್ತಿದ್ದೇನೆ. ಎಸ್ಸೆಸ್ಸೆಲ್ಸಿ ಮುಗಿಸಿದ ಮಕ್ಕಳು ಮನೆಯಲ್ಲಿದ್ದರೆ ಈಗಲೇ ಓದಿ.

ಹಂತ 1: ಎರಡು ಕಾಗದ ಎದುರಿಗಿಟ್ಟುಕೊಳ್ಳಿ

ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಮತ್ತು ಆಧಾರ್ ಕಾರ್ಡ್. ಸೇನೆಯ ಯಾವ ದಾರಿ ಹಿಡಿದರೂ ಹುಟ್ಟಿದ ದಿನಾಂಕಕ್ಕೆ ಆಧಾರ ಎಸ್ಸೆಸ್ಸೆಲ್ಸಿ ದಾಖಲೆಯೇ. ನಮ್ಮಲ್ಲಿ ಅಂಕಪಟ್ಟಿಯಲ್ಲಿ ಹೆಸರಿನ ಜೊತೆ ಒಂದಕ್ಷರದ ಇನಿಷಿಯಲ್ ಇರುತ್ತದೆ, ಆಧಾರ್‌ನಲ್ಲಿ ಅಪ್ಪನ ಹೆಸರು, ಅಡ್ಡಹೆಸರು ಎಲ್ಲವೂ ಪೂರ್ತಿಯಾಗಿ ಇರುತ್ತದೆ. ಊರಿನಲ್ಲಿ ಇದು ಯಾರಿಗೂ ತೊಂದರೆ ಕೊಡುವುದಿಲ್ಲ. ಆದರೆ ಭರ್ತಿ ಕೇಂದ್ರದ ದಾಖಲೆ ಪರಿಶೀಲನೆಯ ಸಾಲಿನಲ್ಲಿ ಹುಡುಗನ ಕಾಲು ನಡುಗುವುದು ಇಲ್ಲೇ. ಎರಡರಲ್ಲೂ ಹೆಸರು, ತಂದೆಯ ಹೆಸರು, ದಿನಾಂಕ ಅಕ್ಷರಕ್ಕೆ ಅಕ್ಷರ ಹೊಂದಬೇಕು. ಹೊಂದದಿದ್ದರೆ ಆಧಾರ್ ತಿದ್ದುಪಡಿಯನ್ನು ಪ್ರಥಮ ಪಿಯುಸಿಯಲ್ಲೇ ಮುಗಿಸಿ.

ಆಮೇಲೆ ಒಂದು ಹಾಳೆಯಲ್ಲಿ ಮಗುವಿಗೆ 16½, 17½, 19½, 21 ವರ್ಷ ತುಂಬುವ ದಿನಗಳನ್ನು ಬರೆದಿಡಿ. 16½ರಿಂದ 19½ ಎನ್‌ಡಿಎ (ಅಧಿಕಾರಿಗಳನ್ನು ತಯಾರು ಮಾಡುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಮತ್ತು ಭೂಸೇನೆಯ ಎಂಜಿನಿಯರಿಂಗ್ ಪ್ರವೇಶದ ಕಾಲ. 17½ರಿಂದ 21, ಅಗ್ನಿಪಥ ಯೋಜನೆ ಪ್ರಕಟವಾದಾಗ ಅಗ್ನಿವೀರರಿಗೆ (ನಾಲ್ಕು ವರ್ಷಕ್ಕೆ ಸೇರುವ ಸೈನಿಕರಿಗೆ) ಗೊತ್ತುಮಾಡಿದ್ದ ಕಾಲ. ಈ ಮಿತಿಗಳನ್ನು ಯಾವ ದಿನಕ್ಕೆ ಲೆಕ್ಕ ಹಾಕುತ್ತಾರೆ ಎಂಬುದು ಪ್ರತಿ ಅಧಿಸೂಚನೆಯಲ್ಲೂ ಬೇರೆಯಾಗಿರುತ್ತದೆ. ‘ಇಂತಹ ದಿನದಿಂದ ಇಂತಹ ದಿನದೊಳಗೆ ಹುಟ್ಟಿದವರು’ ಎಂಬ ಸಾಲನ್ನು ಹುಡುಕಿ ಓದಿ.

ಈ ಹಾಳೆಯನ್ನು ನೋಡಿದರೆ ಒಂದು ಮಾತು ತಾನಾಗಿ ಹೊಳೆಯುತ್ತದೆ. ಎನ್‌ಡಿಎ ಬಾಗಿಲು ಮೊದಲು ಮುಚ್ಚುತ್ತದೆ, ಅಗ್ನಿವೀರ ಬಾಗಿಲು ಆಮೇಲೆ. ಹಾಗಿರುವಾಗ ಪಿಯುಸಿ ಮುಗಿದ ಕೂಡಲೇ ಮೈದಾನಕ್ಕೆ ಓಡುವ ಮುನ್ನ ಎನ್‌ಡಿಎ ಪರೀಕ್ಷೆಯನ್ನು ಎರಡು ಸಲವಾದರೂ ಬರೆದು ನೋಡಬೇಕು. ನಮ್ಮ ಭಾಗದ ಹುಡುಗರು ಇದನ್ನು ತಿರುಗುಮುರುಗು ಮಾಡುತ್ತಾರೆ.

ಹಂತ 2: ಎನ್‌ಡಿಎ

ಪುಣೆಯ ಬಳಿ ಖಡಕ್‌ವಾಸ್ಲಾದಲ್ಲಿರುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಲ್ಲಿ ಮೂರು ವರ್ಷದ ಓದು. ಪದವಿ ಕೊಡುವುದು ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯ. ಕಲಿಕೆ, ಊಟ, ವಸತಿ, ಪುಸ್ತಕ, ಸಮವಸ್ತ್ರ, ಚಿಕಿತ್ಸೆ ಎಲ್ಲವೂ ಸರ್ಕಾರದ್ದು. ಮೂರು ವರ್ಷ ಮುಗಿಸಿ ಡೆಹ್ರಾಡೂನಿನ ಇಂಡಿಯನ್ ಮಿಲಿಟರಿ ಅಕಾಡೆಮಿಗೆ ಹೋದಾಗ ತಿಂಗಳಿಗೆ 56,100 ರೂಪಾಯಿ ಸ್ಟೈಪೆಂಡ್ ಶುರುವಾಗುತ್ತದೆ. ಖಡಕ್‌ವಾಸ್ಲಾದ ಮೂರು ವರ್ಷದಲ್ಲಿ ಸ್ಟೈಪೆಂಡ್ ಇಲ್ಲ, ಕೈಖರ್ಚು ಮನೆಯವರದ್ದು. ಅಧಿಸೂಚನೆಯೇ ಅದನ್ನು ತಿಂಗಳಿಗೆ 3,000 ರೂಪಾಯಿಯೊಳಗೆ ಎಂದು ಅಂದಾಜು ಮಾಡುತ್ತದೆ. ಮನೆಯ ತಿಂಗಳ ಆದಾಯ 21,000 ರೂಪಾಯಿಗಿಂತ ಕಡಿಮೆ ಇದ್ದರೆ ತಿಂಗಳಿಗೆ 1,000 ರೂಪಾಯಿ ನೆರವು ಕೇಳಬಹುದು. ಸೇರುವಾಗ ಕಟ್ಟಬೇಕಾದ ಠೇವಣಿ ಬೇರೆ ಇರುತ್ತದೆ. ಕೂಲಿ ಮಾಡುವ ಮನೆಯವರು ಅದಕ್ಕೆ ಮೊದಲೇ ತಯಾರಿರಬೇಕು.

ಪರೀಕ್ಷೆ ನಡೆಸುವುದು ಕೇಂದ್ರ ಲೋಕಸೇವಾ ಆಯೋಗ, ವರ್ಷಕ್ಕೆ ಎರಡು ಸಲ: ಸಾಮಾನ್ಯವಾಗಿ ಏಪ್ರಿಲ್ ಮತ್ತು ಸೆಪ್ಟೆಂಬರ್. ಏಪ್ರಿಲ್ ಪರೀಕ್ಷೆಯ ಅರ್ಜಿ ಹಿಂದಿನ ಡಿಸೆಂಬರ್‌ನಲ್ಲೇ ಬರುತ್ತದೆ. ದ್ವಿತೀಯ ಪಿಯುಸಿಯಲ್ಲಿ ಓದುತ್ತಿರುವವರೂ ಹಾಕಬಹುದು. ಅರ್ಜಿ ಶುಲ್ಕ 100 ರೂಪಾಯಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಅದೂ ಇಲ್ಲ.

ಭೂಸೇನೆಯ ವಿಭಾಗಕ್ಕೆ ಪಿಯುಸಿಯಲ್ಲಿ ಯಾವ ವಿಷಯವಿದ್ದರೂ ಆಗುತ್ತದೆ. ವಾಯುಸೇನೆ, ನೌಕಾಸೇನೆಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಬೇಕು. ಆದರೆ ಕಲಾ ವಿಭಾಗದ ಮಕ್ಕಳು ಇಲ್ಲಿ ಮೈಮರೆಯಬಾರದು. ಲಿಖಿತ ಪರೀಕ್ಷೆಯ 900 ಅಂಕದಲ್ಲಿ 300 ಗಣಿತಕ್ಕೆ. 120 ಪ್ರಶ್ನೆ, ಎರಡೂವರೆ ಗಂಟೆ, ತಪ್ಪಿಗೆ ಅಂಕ ಕಡಿತ. ಉಳಿದ 600 ಸಾಮಾನ್ಯ ಸಾಮರ್ಥ್ಯಕ್ಕೆ, ಅದರಲ್ಲಿ 200 ಇಂಗ್ಲಿಷಿಗೆ. ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿಯವರೆಗೆ ಓದಿದ ಮಗುವಿಗೆ ಲೆಕ್ಕ ಗೊತ್ತಿರುತ್ತದೆ, ಪ್ರಶ್ನೆ ಏನು ಕೇಳುತ್ತಿದೆ ಎಂಬುದು ಗೊತ್ತಾಗುವುದಿಲ್ಲ. ನನ್ನ ವಿದ್ಯಾರ್ಥಿಗಳಿಗೆ ನಾನು ಹೇಳುವುದಿಷ್ಟು: ಪ್ರಥಮ ಪಿಯುಸಿಯ ಮೊದಲ ದಿನದಿಂದ ಗಣಿತದ ಪಾರಿಭಾಷಿಕ ಪದಗಳನ್ನು ಎರಡೂ ಭಾಷೆಯಲ್ಲಿ ಎದುರುಬದುರು ಬರೆದ ಒಂದು ನೋಟ್‌ಬುಕ್ ಇರಲಿ. ಆರು ತಿಂಗಳಲ್ಲಿ ಆ ಅಡ್ಡಿ ಕರಗುತ್ತದೆ. ಇದನ್ನು ಕಣ್ಣಾರೆ ಕಂಡಿದ್ದೇನೆ.

ಬರವಣಿಗೆಯಲ್ಲಿ ಗೆದ್ದವರಿಗೆ ಸೇವಾ ಆಯ್ಕೆ ಮಂಡಳಿಯ ಐದು ದಿನದ ಸಂದರ್ಶನ. ಎಲ್ಲರೂ ಎಸ್‌ಎಸ್‌ಬಿ ಎಂದೇ ಕರೆಯುತ್ತಾರೆ. ಅದಕ್ಕೂ 900 ಅಂಕ. ಅಂಥದ್ದೊಂದು ಆಯ್ಕೆ ಕೇಂದ್ರ ಬೆಂಗಳೂರಿನಲ್ಲೇ ಇದೆ. ಮೊದಲ ದಿನದ ಜರಡಿಯಲ್ಲೇ ಅರ್ಧಕ್ಕಿಂತ ಹೆಚ್ಚು ಮಂದಿ ವಾಪಸು ಬರುವುದು ಮಾಮೂಲು. ಒಂದು ಚಿತ್ರ ತೋರಿಸಿ ಕಥೆ ಬರೆಸುತ್ತಾರೆ, ಆಮೇಲೆ ಗುಂಪಿನಲ್ಲಿ ಚರ್ಚಿಸಿ ಒಂದೇ ಕಥೆ ಮಾಡಿ ಎನ್ನುತ್ತಾರೆ. ಮನೆಯಲ್ಲಿ “ದೊಡ್ಡವರು ಮಾತಾಡುವಾಗ ಸುಮ್ಮನಿರು” ಎಂದು ಬೆಳೆಸಿದ ಮಕ್ಕಳು ಅಲ್ಲಿ ಬಾಯಿ ಬಿಡುವುದೇ ಇಲ್ಲ. ದುಬಾರಿ ಕೋಚಿಂಗ್ ಇದಕ್ಕೆ ಮದ್ದಲ್ಲ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆ, ಎನ್‌ಸಿಸಿ ಶಿಬಿರದಲ್ಲಿ ತಂಡದ ಹೊಣೆ, ಊರಿನ ಜಾತ್ರೆಯಲ್ಲಿ ಸ್ವಯಂಸೇವಕರನ್ನು ನಡೆಸುವ ಕೆಲಸ, ಇವು ಎರಡು ವರ್ಷದಲ್ಲಿ ಕಲಿಸುವುದನ್ನು ಹದಿನೈದು ದಿನದ ತರಗತಿ ಕಲಿಸಲಾರದು. ಮೊದಲ ಸಲ ಹೋಗುವವರಿಗೆ ಪ್ರಯಾಣ ಭತ್ಯೆ ಸಿಗುತ್ತದೆ, ಟಿಕೆಟ್ ಜೋಪಾನವಾಗಿಡಿ.

ವೈದ್ಯಕೀಯ ಪರೀಕ್ಷೆ ಕೊನೆಗೆ ಬರುತ್ತದೆ. ಅದನ್ನು ಮನೆಯಲ್ಲಿ ಮೊದಲಿಗೆ ತನ್ನಿ. ಬಣ್ಣಗುರುಡು, ಮೆಳ್ಳೆಗಣ್ಣು, ಚಪ್ಪಟೆ ಪಾದ, ಮಂಡಿಗಳು ಒಂದಕ್ಕೊಂದು ತಾಗುವುದು, ಕಿವಿಯ ತೊಂದರೆ, ಹಲ್ಲು. ತಾಲ್ಲೂಕು ಆಸ್ಪತ್ರೆಯಲ್ಲಿ ಒಂದು ದಿನ ಕಳೆದರೆ ಇಷ್ಟೂ ತಿಳಿಯುತ್ತದೆ. ಎರಡು ವರ್ಷ ಓದಿ, ಆಯ್ಕೆಯಾಗಿ, ಕೊನೆಗೆ ತನಗೆ ಬಣ್ಣಗುರುಡು ಇದೆ ಎಂದು ತಿಳಿದುಕೊಂಡ ಹುಡುಗನ ಮುಖವನ್ನು ನಾನು ಮರೆತಿಲ್ಲ.

ಹೆಣ್ಣುಮಕ್ಕಳ ತಂದೆತಾಯಂದಿರಿಗೆ ಒಂದು ಮಾತು. 2021ರಲ್ಲಿ ಸರ್ವೋಚ್ಚ ನ್ಯಾಯಾಲಯದ ಆದೇಶದಿಂದ ಎನ್‌ಡಿಎ ಅವರಿಗೂ ತೆರೆಯಿತು. 2022ರಲ್ಲಿ ಸೇರಿದ ಮೊದಲ ತಂಡ 2025ರ ಮೇ ತಿಂಗಳಲ್ಲಿ ತರಬೇತಿ ಮುಗಿಸಿ ಹೊರಬಂದಿದೆ. ಹೆಣ್ಣುಮಕ್ಕಳಿಗೆ ಇದು ಆಗುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಹಂತ 3: ಜೆಇಇ, ನೀಟ್ ಬರೆಯುವವರಿಗೆ ಇರುವ ದಾರಿಗಳು

ಇಲ್ಲಿ ಕರ್ನಾಟಕದ ಮಕ್ಕಳು ಎಡವುವುದು ಒಂದೇ ಕಡೆ. ನಮ್ಮಲ್ಲಿ ಸಿಇಟಿ ಬರೆದರೆ ಸಾಕು ಎಂಬ ಭಾವನೆ ಗಟ್ಟಿಯಾಗಿದೆ. ಸೇನೆಗೆ ಸಿಇಟಿ ರ್‍ಯಾಂಕ್ ನಡೆಯುವುದಿಲ್ಲ. ಎಂಜಿನಿಯರಿಂಗ್‌ಗೆ ಜೆಇಇ ಮೇನ್, ವೈದ್ಯಕೀಯ ಮತ್ತು ನರ್ಸಿಂಗ್‌ಗೆ ನೀಟ್ ಬೇಕೇ ಬೇಕು. ಎರಡನ್ನೂ ಕನ್ನಡದಲ್ಲಿ ಬರೆಯಬಹುದು.

ಭೂಸೇನೆಯ ತಾಂತ್ರಿಕ ಪ್ರವೇಶ ಯೋಜನೆಗೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಸೇರಿ ಶೇ. 60 ಅಂಕ ಮತ್ತು ಜೆಇಇ ಮೇನ್ ಫಲಿತಾಂಶ ಇರಬೇಕು. ಲಿಖಿತ ಪರೀಕ್ಷೆ ಬೇರೆ ಇಲ್ಲ, ನೇರವಾಗಿ ಎಸ್‌ಎಸ್‌ಬಿ. ನೌಕಾಸೇನೆಯ ಬಿ.ಟೆಕ್ ಕೆಡೆಟ್ ಪ್ರವೇಶಕ್ಕೆ ಅದೇ ಮೂರು ವಿಷಯಗಳಲ್ಲಿ ಶೇ. 70, ಇಂಗ್ಲಿಷಿನಲ್ಲಿ ಶೇ. 50, ಜತೆಗೆ ಜೆಇಇ ರ್‍ಯಾಂಕ್. ನಾಲ್ಕು ವರ್ಷದ ಓದು ಕೇರಳದ ಕಣ್ಣೂರು ಜಿಲ್ಲೆಯ ಏಳಿಮಲದಲ್ಲಿರುವ ನೌಕಾ ಅಕಾಡೆಮಿಯಲ್ಲಿ. ಮಂಗಳೂರಿನಿಂದ ರೈಲು ಹತ್ತಿ ಪಯ್ಯನ್ನೂರಿನಲ್ಲಿ ಇಳಿದರೆ ಹತ್ತಿರ. ಕರಾವಳಿಯ ಮಕ್ಕಳಿಗೆ ಇದು ಮನೆಯ ಹಿತ್ತಿಲಿನಲ್ಲಿರುವ ಕಾಲೇಜು. ಪುಸ್ತಕದಿಂದ ಊಟದವರೆಗೆ ಖರ್ಚು ನೌಕಾಸೇನೆಯದು.

ವೈದ್ಯರಾಗಬೇಕೆನ್ನುವವರಿಗೆ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜು. ಮೊದಲು ನೀಟ್, ಆಮೇಲೆ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿಯ ಜಾಲತಾಣದಲ್ಲಿ ಈ ಕಾಲೇಜಿಗೆಂದೇ ನೋಂದಣಿ, ಆಮೇಲೆ ಪುಣೆಯಲ್ಲಿ ಇಂಗ್ಲಿಷ್ ಮತ್ತು ತರ್ಕದ ಪರೀಕ್ಷೆ, ಸಂದರ್ಶನ. ನೀಟ್‌ನಲ್ಲಿ ಒಳ್ಳೆಯ ಅಂಕ ಪಡೆದೂ ಆ ನಡುವಿನ ನೋಂದಣಿ ಮಾಡದೆ ಕಳೆದುಕೊಳ್ಳುವವರಿದ್ದಾರೆ. ಓದು ಮುಗಿಸಿ ಶಾರ್ಟ್ ಸರ್ವಿಸ್ ಕಮಿಷನ್ (ಸೀಮಿತ ಅವಧಿಯ ಅಧಿಕಾರಿ ಹುದ್ದೆ) ಪಡೆದವರು ಏಳು ವರ್ಷ ಸೇವೆ ಸಲ್ಲಿಸಬೇಕು.

ಹೆಣ್ಣುಮಕ್ಕಳಿಗೆ ಸೇನಾ ನರ್ಸಿಂಗ್ ಸೇವೆಯ ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್ ಇದೆ. ದೇಶದಲ್ಲಿ ಇದಕ್ಕೆ 220 ಸೀಟು, ಅದರಲ್ಲಿ 40 ಬೆಂಗಳೂರಿನ ವಾಯುಸೇನೆಯ ಕಮಾಂಡ್ ಆಸ್ಪತ್ರೆಯ ಕಾಲೇಜಿನಲ್ಲಿ. ಊಟ, ವಸತಿ ಉಚಿತ, ತಿಂಗಳಿಗೊಂದಿಷ್ಟು ಸ್ಟೈಪೆಂಡ್, ಮುಗಿದ ಮೇಲೆ ಲೆಫ್ಟಿನೆಂಟ್ ಹುದ್ದೆ. ಖಾಸಗಿ ನರ್ಸಿಂಗ್ ಕಾಲೇಜುಗಳಿಗೆ ಸಾಲ ಮಾಡಿ ಸೇರಿಸುವ ಎಷ್ಟೋ ಮನೆಗಳಿಗೆ ಇದರ ಹೆಸರೇ ಗೊತ್ತಿಲ್ಲ. ಏಕೆಂದರೆ ನರ್ಸಿಂಗ್‌ಗೆ ನೀಟ್ ಏಕೆ ಬರೆಯಬೇಕು ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ. ಜೀವಶಾಸ್ತ್ರ ಓದುವ ಪ್ರತಿ ಹುಡುಗಿಯೂ ನೀಟ್ ಬರೆಯಲಿ.

ಹಂತ 4: ಮುಚ್ಚಳಿಕೆ ಓದಿ, ಆಮೇಲೆ ಸಹಿ

ಮೇಲಿನ ಯಾವ ದಾರಿಯೂ ವಿದ್ಯಾರ್ಥಿವೇತನವಲ್ಲ. ಸೇನೆ ಓದಿಸುತ್ತದೆ, ಪ್ರತಿಯಾಗಿ ಅಧಿಕಾರಿಯಾಗಿ ದುಡಿಯುವ ವರ್ಷಗಳನ್ನು ಕೇಳುತ್ತದೆ. ಎನ್‌ಡಿಎಗೆ ಸೇರುವಾಗ ತಂದೆತಾಯಿ ಒಂದು ಮುಚ್ಚಳಿಕೆ ಬರೆದುಕೊಡುತ್ತಾರೆ: ತನ್ನ ಕೈಯಲ್ಲಿದ್ದ ಕಾರಣಕ್ಕೆ ಮಗ ನಡುವೆ ಬಿಟ್ಟು ಬಂದರೆ ಅಥವಾ ಕೊಟ್ಟ ಕಮಿಷನ್ ಬೇಡವೆಂದರೆ ಓದಿನ, ಊಟದ, ಬಟ್ಟೆಯ ವೆಚ್ಚವನ್ನು ಸರ್ಕಾರ ವಾಪಸು ಕೇಳಬಹುದು. ವೈದ್ಯಕೀಯ ಮತ್ತು ನರ್ಸಿಂಗ್‌ಗೂ ಇಂಥದೇ ಒಪ್ಪಂದ ಉಂಟು.

ಆದ್ದರಿಂದ ಮಗನನ್ನೋ ಮಗಳನ್ನೋ ಕೂರಿಸಿಕೊಂಡು ಕೇಳಿ: ಶುಲ್ಕದ ಚಿಂತೆ ಇಲ್ಲದಿದ್ದರೂ ನೀನು ಇದನ್ನೇ ಆರಿಸುತ್ತಿದ್ದೆಯಾ? ಇಲ್ಲ ಎಂದರೆ ಬಲವಂತ ಬೇಡ. ಮನೆಯ ಬಡತನವನ್ನು ಮಗುವಿನ ಹೆಗಲಿಗೆ ಹೊರಿಸಿ ಗಡಿಗೆ ಕಳಿಸುವುದು ಸರಿಯಲ್ಲ. ಅಂಥ ಮಗುವಿಗೆ ಸರ್ಕಾರಿ ಕಾಲೇಜು, ಹಾಸ್ಟೆಲ್, ರಾಜ್ಯದ ವಿದ್ಯಾರ್ಥಿವೇತನಗಳ ದಾರಿ ಇದ್ದೇ ಇದೆ.

ಹಂತ 5: ಅಗ್ನಿವೀರ, ಲೆಕ್ಕ ಹಾಕಿ

2022ರ ಜೂನ್‌ನಲ್ಲಿ ಪ್ರಕಟವಾದ ಅಗ್ನಿಪಥ ಯೋಜನೆ ನಾಲ್ಕು ವರ್ಷದ್ದು. ತಿಂಗಳ ಸಂಬಳ ಮೊದಲ ವರ್ಷ 30,000, ಆಮೇಲೆ 33,000, 36,500, ಕೊನೆಯ ವರ್ಷ 40,000 ರೂಪಾಯಿ. ಇದರಲ್ಲಿ ಶೇ. 30 ಸೇವಾನಿಧಿಗೆ, ಅಂದರೆ ಸೇವೆ ಮುಗಿದಾಗ ಒಟ್ಟಿಗೆ ಸಿಗುವ ಉಳಿತಾಯಕ್ಕೆ, ಹೋಗುತ್ತದೆ. ಕೈಗೆ ಬರುವುದು ಮೊದಲ ವರ್ಷ 21,000, ಕೊನೆಯ ವರ್ಷ 28,000. ನಾಲ್ಕು ವರ್ಷದಲ್ಲಿ ನಿಮ್ಮಿಂದ ಕಡಿತವಾದದ್ದು 5.02 ಲಕ್ಷ, ಸರ್ಕಾರ ಅಷ್ಟೇ ಸೇರಿಸುತ್ತದೆ. ಒಟ್ಟು 10.04 ಲಕ್ಷ, ಮೇಲೆ ಬಡ್ಡಿ. ಆದಾಯ ತೆರಿಗೆ ಇಲ್ಲ. ನಾಲ್ಕು ವರ್ಷದ ನಂತರ ಶೇ. 25ರವರೆಗೆ ಮಾತ್ರ ಕಾಯಂ ಆಗುತ್ತಾರೆ. ಉಳಿದವರು ಇಪ್ಪತ್ತೆರಡು, ಇಪ್ಪತ್ತಮೂರರ ವಯಸ್ಸಿಗೆ ಮನೆಗೆ ಬರುತ್ತಾರೆ.

ಇದು ಕಾಲೇಜಿನ ದುಡ್ಡಾಗುವುದು ಎರಡು ಕೆಲಸ ಮಾಡಿದರೆ. ಮೊದಲನೆಯದು, ಸೇವೆಯಲ್ಲಿರುವಾಗಲೇ ಇಗ್ನೋ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ) ಅಗ್ನಿವೀರರಿಗೆಂದು ರೂಪಿಸಿದ ಮೂರು ವರ್ಷದ ಪದವಿಗೆ ಸೇರುವುದು. ಸೇನೆಯಲ್ಲಿ ಪಡೆದ ಕೌಶಲ ತರಬೇತಿಯೇ ಪದವಿಯ ಅರ್ಧ ಕ್ರೆಡಿಟ್ ಆಗುತ್ತದೆ, ಉಳಿದರ್ಧ ವಿಷಯಗಳನ್ನು ಓದಿ ಬರೆಯಬೇಕು. ಹತ್ತನೇ ತರಗತಿ ಮಾತ್ರ ಆಗಿ ಸೇರಿದವರು ಮೊದಲು ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ಹನ್ನೆರಡನೇ ತರಗತಿ ಮುಗಿಸಬಹುದು. ಹೀಗೆ ಮಾಡಿದವನು ನಾಲ್ಕು ವರ್ಷ ಮುಗಿಸಿ ಬರುವಾಗ ಪದವೀಧರನಾಗಿರುತ್ತಾನೆ. ಬ್ಯಾಂಕ್, ರಾಜ್ಯ ಲೋಕಸೇವಾ ಆಯೋಗದ ಪರೀಕ್ಷೆಗಳಿಗೆ ಆ ದಿನದಿಂದಲೇ ಕೂರಬಹುದು.

ಎರಡನೆಯದು ಕಷ್ಟದ್ದು. ಸೇವಾನಿಧಿ ಕೈಗೆ ಬಂದ ತಿಂಗಳು ಮನೆಯಲ್ಲಿ ಎಲ್ಲರಿಗೂ ಒಂದೊಂದು ಅಗತ್ಯ ನೆನಪಾಗುತ್ತದೆ. ಅಕ್ಕನ ಮದುವೆ, ಬೋರ್‌ವೆಲ್, ಸೊಸೈಟಿ ಸಾಲ, ಬೈಕ್. ಯಾವುದೂ ಸುಳ್ಳು ಅಗತ್ಯವಲ್ಲ. ಆದರೂ ಮಗನಿಗೆ ಮುಂದೆ ಓದುವ ಮನಸ್ಸಿದ್ದರೆ ಸೇರುವ ಮುನ್ನವೇ ಮನೆಯಲ್ಲಿ ಕೂತು ಮಾತಾಡಿಕೊಳ್ಳಬೇಕು: ಇಷ್ಟು ಮನೆಗೆ, ಇಷ್ಟು ಅವನ ಓದಿಗೆ. ಓದಿನ ಪಾಲನ್ನು ಅವನ ಹೆಸರಿನಲ್ಲೇ ಠೇವಣಿ ಇಡಿ. ಮೂರು ವರ್ಷದ ಕಾನೂನು ಪದವಿ, ಎಂ.ಬಿ.ಎ., ಎಂ.ಸಿ.ಎ. ಯಾವುದಕ್ಕೇ ಆಗಲಿ ಕಾಲೇಜು ಶುಲ್ಕವಷ್ಟೇ ಲೆಕ್ಕವಲ್ಲ. ದುಡಿಮೆ ಇಲ್ಲದ ವರ್ಷಗಳ ಊಟ, ಬಾಡಿಗೆಯನ್ನೂ ಕೂಡಿಸಿ.

ತಾನಾಗಿ ನಡುವೆ ಬಿಟ್ಟು ಬಂದವನಿಗೆ ತನ್ನ ಪಾಲು ಮತ್ತು ಬಡ್ಡಿ ಸಿಗುತ್ತದೆ, ಸರ್ಕಾರದ ಪಾಲು ಸಿಗುವುದಿಲ್ಲ. ಮತ್ತೊಂದು ಮಾತನ್ನು ಭರ್ತಿ ಮೇಳದ ಗದ್ದಲದಲ್ಲಿ ಯಾರೂ ಹೇಳುವುದಿಲ್ಲ: ನಾಲ್ಕು ವರ್ಷ ಮುಗಿಸಿ ಬಂದ ಅಗ್ನಿವೀರನಿಗೆ ಪಿಂಚಣಿ ಇಲ್ಲ, ಮಾಜಿ ಸೈನಿಕನ ಸ್ಥಾನವೂ ಇಲ್ಲ. ಅಂದರೆ ಮುಂದಿನ ಹಂತದಲ್ಲಿ ಹೇಳುವ ಸೌಲಭ್ಯಗಳು ಅವನ ಮಕ್ಕಳಿಗೆ ದಕ್ಕುವುದಿಲ್ಲ. ಇದನ್ನು ತಿಳಿದೇ ನಿರ್ಧರಿಸಬೇಕು.

ಈಗಾಗಲೇ ಕಾಯಂ ಸೈನಿಕರಾಗಿರುವ ತಮ್ಮಂದಿರಿಗೆ: ಡೆಹ್ರಾಡೂನಿನ ಆರ್ಮಿ ಕೆಡೆಟ್ ಕಾಲೇಜು ನೆನಪಿರಲಿ. ಸೇವೆಯಲ್ಲಿದ್ದುಕೊಂಡೇ ಮೂರು ವರ್ಷ ಓದಿ, ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಪದವಿ ಪಡೆದು ಅಧಿಕಾರಿಯಾಗುವ ದಾರಿ ಅದು.

ಹಂತ 6: ಅಪ್ಪ ಸೇವೆ ಮುಗಿಸಿ ಬಂದಿದ್ದರೆ

ನಮ್ಮ ಜಿಲ್ಲೆಯಲ್ಲಿ, ಕೊಡಗಿನಲ್ಲಿ, ಊರೂರಿಗೂ ಮಾಜಿ ಸೈನಿಕರಿದ್ದಾರೆ. ಇವರ ಮಕ್ಕಳು ಸೇನೆಗೆ ಸೇರಲೇಬೇಕಿಲ್ಲ. ಅಪ್ಪನ ಸೇವೆಯೇ ಅವರ ಕಾಲೇಜಿಗೆ ನೆರವು ತರುತ್ತದೆ. ಆದರೂ ಹೆಚ್ಚು ಹಣ ಕೈತಪ್ಪುವುದು ಈ ಮನೆಗಳಲ್ಲೇ.

ಪ್ರಧಾನಮಂತ್ರಿ ವಿದ್ಯಾರ್ಥಿವೇತನ ಯೋಜನೆಯಲ್ಲಿ ಪ್ರತಿವರ್ಷ 5,500 ಮಕ್ಕಳಿಗೆ, ಅರ್ಧ ಹುಡುಗರು ಅರ್ಧ ಹುಡುಗಿಯರು, ಹುಡುಗರಿಗೆ ತಿಂಗಳಿಗೆ 2,500, ಹುಡುಗಿಯರಿಗೆ 3,000 ರೂಪಾಯಿಯಂತೆ ಕೋರ್ಸ್ ಮುಗಿಯುವವರೆಗೆ ಕೊಡುತ್ತಾರೆ. ಮಾಜಿ ಸೈನಿಕರ, ಮಾಜಿ ಕರಾವಳಿ ಕಾವಲು ಪಡೆಯವರ ಮಕ್ಕಳಿಗೆ ಮತ್ತು ಅವರ ವಿಧವೆಯರಿಗೆ ಇದು ಮೀಸಲು. ಪಿಯುಸಿಯಲ್ಲಿ ಶೇ. 60 ಬೇಕು. ಎಂಜಿನಿಯರಿಂಗ್, ವೈದ್ಯಕೀಯ, ಬಿ.ಇಡಿ., ಬಿ.ಸಿ.ಎ., ಬಿ.ಬಿ.ಎ. ತರಹದ ವೃತ್ತಿಪರ ಪದವಿಗಳಿಗಷ್ಟೇ ಅನ್ವಯ. ಸಾಮಾನ್ಯ ಬಿ.ಎ., ಬಿ.ಕಾಂ.ಗೆ ಇಲ್ಲ, ದೂರಶಿಕ್ಷಣಕ್ಕೂ ಇಲ್ಲ.

ಎಲ್ಲಕ್ಕಿಂತ ಮುಖ್ಯ: ಹೊಸ ಅರ್ಜಿ ಮೊದಲ ವರ್ಷದಲ್ಲಿ ಮಾತ್ರ. ನಿವೃತ್ತ ಹವಾಲ್ದಾರರೊಬ್ಬರ ಮಗಳು, ನನ್ನ ವಿದ್ಯಾರ್ಥಿನಿ, ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದಾಗ ನನಗೆ ಈ ಯೋಜನೆಯ ವಿಷಯ ಹೇಳುವುದು ನೆನಪಾಯಿತು. ಆಗ ಮಾಡುವುದಕ್ಕೆ ಏನೂ ಉಳಿದಿರಲಿಲ್ಲ. ನಾಲ್ಕು ವರ್ಷಕ್ಕೆ 1,44,000 ರೂಪಾಯಿ. ಆ ನೋವು ನನ್ನಲ್ಲಿ ಇನ್ನೂ ಇದೆ. ಅಂದಿನಿಂದ ದ್ವಿತೀಯ ಪಿಯುಸಿ ಹಾಜರಾತಿ ಪುಸ್ತಕದಲ್ಲಿ ಮಾಜಿ ಸೈನಿಕರ ಮಕ್ಕಳ ಹೆಸರಿನ ಪಕ್ಕ ಒಂದು ಗುರುತು ಹಾಕಿಟ್ಟುಕೊಳ್ಳುತ್ತೇನೆ.

ಬಿ.ಎ., ಬಿ.ಕಾಂ. ಓದುವ ಮಕ್ಕಳು ನಿರಾಶರಾಗಬೇಕಿಲ್ಲ. ಹವಾಲ್ದಾರ್ ಮತ್ತು ಅದಕ್ಕಿಂತ ಕೆಳಗಿನ ದರ್ಜೆಯವರ ಇಬ್ಬರು ಮಕ್ಕಳಿಗೆ ಪದವಿಯವರೆಗೆ ಕೇಂದ್ರೀಯ ಸೈನಿಕ ಮಂಡಳಿಯ ಶಿಕ್ಷಣ ಅನುದಾನವಿದೆ. ತಿಂಗಳಿಗೆ 1,000 ಇದ್ದದ್ದು 2025ರ ನವೆಂಬರ್‌ನಿಂದ 2,000 ಆಗಿದೆ. ಯುದ್ಧದಲ್ಲಿ ಮಡಿದವರ, ಕಾಣೆಯಾದವರ, ಅಂಗವಿಕಲರಾದವರ ಮಕ್ಕಳಿಗೆ ಬೋಧನಾ ಶುಲ್ಕ ಪೂರ್ತಿ ವಾಪಸು ಸಿಗುತ್ತದೆ. 1972ರಿಂದ ಇರುವ ಈ ಸೌಲಭ್ಯಕ್ಕೆ ನಡುವೆ ತಿಂಗಳಿಗೆ 10,000ದ ಮಿತಿ ಹಾಕಿದ್ದರು, 2018ರಲ್ಲಿ ಅದನ್ನು ತೆಗೆದರು. ಸಿಇಟಿ ಸೀಟು ಹಂಚಿಕೆಯಲ್ಲೂ ಸೈನಿಕರ, ಮಾಜಿ ಸೈನಿಕರ ಮಕ್ಕಳಿಗೆ ವಿಶೇಷ ವರ್ಗ ಇದೆ, ಎನ್‌ಸಿಸಿ ಮಕ್ಕಳಿಗೂ ಇದೆ. ಸಿಇಟಿ ಅರ್ಜಿ ತುಂಬುವಾಗಲೇ ಆ ಅಂಕಣದಲ್ಲಿ ಗುರುತು ಹಾಕಿ.

ಇನ್ನು ಕಾಗದಗಳು. ಅಪ್ಪನ ಡಿಸ್ಚಾರ್ಜ್ ಬುಕ್ ತೆಗೆದು ಮಕ್ಕಳ ಹೆಸರು ಇರುವ ಪುಟ ನೋಡಿ. ನಿವೃತ್ತಿಯ ನಂತರ ಹುಟ್ಟಿದ ಮಗುವಿನ ಹೆಸರು ಅಲ್ಲಿ ಇರುವುದಿಲ್ಲ. ಸೇವೆಯಲ್ಲಿದ್ದಾಗ ಹುಟ್ಟಿದ್ದರೂ ರಜೆಯಲ್ಲಿ ಬಂದ ಅಪ್ಪ ಪಾರ್ಟ್-2 ಆರ್ಡರ್ (ಮನೆಯವರ ವಿವರವನ್ನು ಸೇವಾ ದಾಖಲೆಗೆ ಸೇರಿಸುವ ಆದೇಶ) ಮಾಡಿಸುವುದನ್ನು ಮರೆತಿರಬಹುದು. ಹೆಸರು ಸೇರಿಸಲು ರೆಜಿಮೆಂಟಿನ ದಾಖಲೆ ಕಚೇರಿಗೆ ಬರೆಯಬೇಕು, ಅದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಮರಾಠಾ ಲಘು ಪದಾತಿ ದಳದವರಾದರೆ ಕೇಂದ್ರ ಬೆಳಗಾವಿಯಲ್ಲೇ ಇದೆ, ಬೇರೆಯವರಿಗೆ ಅಂಚೆಯೇ ಗತಿ. ಹೆಸರಿನ ಅಕ್ಷರ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಹೊಂದುತ್ತದೆಯೇ ಎಂದೂ ನೋಡಿ.

ಪಿಯುಸಿ ಫಲಿತಾಂಶಕ್ಕೆ ಕಾಯದೆ, ದ್ವಿತೀಯ ಪಿಯುಸಿಯ ದಸರಾ ರಜೆಯಲ್ಲಿ ಅಪ್ಪ ಮಗಳು ಇಬ್ಬರೂ ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಒಮ್ಮೆ ಹೋಗಿ ಬನ್ನಿ. ಕೊಂಡೊಯ್ಯಬೇಕಾದವು: ಡಿಸ್ಚಾರ್ಜ್ ಬುಕ್, ಪಿಪಿಒ (ಪಿಂಚಣಿ ಪಾವತಿ ಆದೇಶ), ಮಾಜಿ ಸೈನಿಕರ ಗುರುತಿನ ಚೀಟಿ, ಇಬ್ಬರ ಆಧಾರ್, ಮಗಳ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಕೆಯ ಹೆಸರಿನಲ್ಲಿ ಆಧಾರ್ ಜೋಡಿಸಿದ ಬ್ಯಾಂಕ್ ಪಾಸ್‌ಬುಕ್. ಎಲ್ಲದರ ಎರಡೆರಡು ಪ್ರತಿ. ಅಪ್ಪ ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ, ಅಮ್ಮನ ಕುಟುಂಬ ಪಿಂಚಣಿಯ ಪಿಪಿಒ. ಕಾಲೇಜು ಸೇರಿದ ವಾರವೇ ಅಲ್ಲಿನ ಪ್ರಾಂಶುಪಾಲರಿಂದ ವ್ಯಾಸಂಗ ಪ್ರಮಾಣಪತ್ರವನ್ನು ಯೋಜನೆಯ ನಮೂನೆಯಲ್ಲೇ ಬರೆಸಿಕೊಳ್ಳಿ, ಕಾಲೇಜಿನ ಸಾದಾ ಪತ್ರ ನಡೆಯುವುದಿಲ್ಲ. ಮುಂದಿನ ವರ್ಷಗಳಲ್ಲಿ ಶೇ. 50 ಅಂಕ ಉಳಿಸಿಕೊಂಡು ನವೀಕರಣದ ಅರ್ಜಿ ಹಾಕುತ್ತಿರಬೇಕು.